ಲೋಗೋ ಬಿಡಿ, ಮಾಲೀಕರನ್ನು ಎಣಿಸಿ: ಮುಂಬೈ, ಪುಣೆ, ಗೋವಾದಿಂದ ಊರಿಗೆ ವಿಮಾನ ಟಿಕೆಟ್ ಕೊಳ್ಳುವ ಕ್ರಮ

ಎರಡು ವಿಮಾನ ಕಂಪನಿಗಳು ಒಂದಾದವು ಎಂಬ ಸುದ್ದಿ ಬಂದಾಗಲೆಲ್ಲ ಡೊಂಬಿವಲಿಯಿಂದ ವಾಸ್ಕೋವರೆಗೆ ಕೇಳಿಬರುವ ಪ್ರಶ್ನೆ ಒಂದೇ: ಇನ್ನು ಊರಿಗೆ ಹೋಗುವ ಟಿಕೆಟ್ ದುಬಾರಿಯಾಗುತ್ತದೆಯೇ? ದೇಶದ ಒಟ್ಟು ಲೆಕ್ಕ ನೋಡಿ ಇದಕ್ಕೆ ಉತ್ತರ ಹೇಳಲಾಗದು. ವಿಮಾನದ ದರ ತೀರ್ಮಾನವಾಗುವುದು ಮಾರ್ಗ ಮಾರ್ಗಕ್ಕೆ. ಒಂದು ವಿಲೀನ ಮುಂಬೈ–ಬೆಂಗಳೂರು ಮಾರ್ಗದಲ್ಲಿ ಗೊತ್ತೇ ಆಗದ ಹಾಗೆ ಹಾದುಹೋಗಬಹುದು. ಅದೇ ವಿಲೀನ ಸಣ್ಣ ಮಾರ್ಗವೊಂದರಲ್ಲಿ ಇದ್ದೊಬ್ಬ ಪೈಪೋಟಿದಾರನನ್ನೂ ಇಲ್ಲವಾಗಿಸಬಹುದು. ಹಾಗಾಗಿ ನಿಮ್ಮ ಮಾರ್ಗವನ್ನು ನೀವೇ ಅಳೆಯಬೇಕು. ಒಂದು ಫೋನು, ಒಂದು ನೋಟ್‌ಬುಕ್ಕು, ಅರ್ಧ ಗಂಟೆ ಬಿಡುವು ಇದ್ದರೆ ಸಾಕು.

ಮೊದಲು, ಯಾರು ಯಾರವರು

ಟಿಕೆಟ್ ಸೈಟುಗಳಲ್ಲಿ ಏರ್ ಇಂಡಿಯಾ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬೇರೆ ಬೇರೆ ಸಾಲಿನಲ್ಲಿ, ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತವೆ. ಮಾಲೀಕರು ಒಬ್ಬರೇ. ಟಾಟಾ ಸಮೂಹ 2022ರ ಜನವರಿ 27ರಂದು ಏರ್ ಇಂಡಿಯಾವನ್ನು ಸರ್ಕಾರದಿಂದ ವಹಿಸಿಕೊಂಡಿತು. ಆಮೇಲೆ 2024ರ ಅಕ್ಟೋಬರ್ 1ರಂದು ಹಿಂದಿನ ಏರ್‌ಏಷ್ಯಾ ಇಂಡಿಯಾ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನೊಳಗೆ ಸೇರಿತು, ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದೊಳಗೆ ಸೇರಿತು. ನಾಲ್ಕು ಹೆಸರು ಎರಡಾದವು, ಆ ಎರಡೂ ಒಂದೇ ಮನೆಯವು. ಹೀಗಾಗಿ ನಿಮ್ಮ ಪಟ್ಟಿಯಲ್ಲಿ ಇವೆರಡಕ್ಕೂ ಸೇರಿ ಒಂದೇ ಗೆರೆ ಹಾಕಿ. ಇಂಡಿಗೋ, ಆಕಾಸಾ ಏರ್, ಸ್ಪೈಸ್‌ಜೆಟ್, ಸ್ಟಾರ್ ಏರ್ ಇವಕ್ಕೆ ಒಂದೊಂದು ಗೆರೆ.

2025ರ ಹೆಚ್ಚಿನ ತಿಂಗಳುಗಳಲ್ಲಿ ದೇಶದೊಳಗೆ ಹಾರಿದ ನೂರು ಜನರಲ್ಲಿ ಸುಮಾರು 64 ಮಂದಿ ಇಂಡಿಗೋದಲ್ಲಿ, ಸುಮಾರು 27 ಮಂದಿ ಏರ್ ಇಂಡಿಯಾ ಸಮೂಹದಲ್ಲಿ ಹಾರಿದರು. ಆಕಾಸಾ ಏರ್‌ಗೆ ಐದರ ಆಸುಪಾಸು. ಉಳಿದವರ ಪಾಲು ಚೂರುಪಾರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಈ ಅಂಕಿಗಳನ್ನು ಪ್ರತಿ ತಿಂಗಳು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಪಾಲು ಮಾತ್ರವಲ್ಲ, ಸೀಟು ಎಷ್ಟು ತುಂಬಿತ್ತು, ಎಷ್ಟು ಹಾರಾಟ ರದ್ದಾಯಿತು, ಎಷ್ಟು ದೂರು ಬಂತು ಎಂಬುದೂ ಅದರಲ್ಲಿರುತ್ತದೆ. ಎರಡು ಊರುಗಳ ನಡುವೆ ಎಷ್ಟು ಜನ ಓಡಾಡಿದರು ಎಂಬ ಪಟ್ಟಿಯೂ ಅಲ್ಲಿಯೇ ಸಿಗುತ್ತದೆ. ಪತ್ರಿಕೆಗಳಲ್ಲಿ ಅದು ಬರುವುದಿಲ್ಲ, ನಮಗೆ ಬೇಕಾಗಿರುವುದು ಮಾತ್ರ ಅದೇ.

ಸೀಟಿನ ಲೆಕ್ಕ

ಮುಂದಿನ ಮೂರು ವಾರಗಳಾಚೆಯ ಒಂದು ಸಾಮಾನ್ಯ ಬುಧವಾರ ಹಿಡಿಯಿರಿ. ಹಬ್ಬ, ಸಾಲು ರಜೆ, ಶುಕ್ರವಾರ, ಭಾನುವಾರ ಬೇಡ. ಗೂಗಲ್ ಫ್ಲೈಟ್ಸ್‌ನಲ್ಲಿ ನಿಮ್ಮ ಮಾರ್ಗ ಹಾಕಿ, 'ನಾನ್‌ಸ್ಟಾಪ್' ಮಾತ್ರ ಆರಿಸಿ. ಪ್ರತಿ ಹಾರಾಟದ ವಿವರ ತೆರೆದರೆ ವಿಮಾನದ ಮಾದರಿ ಕಾಣುತ್ತದೆ. ಅದನ್ನೂ ಬರೆದುಕೊಳ್ಳಿ, ಏಕೆಂದರೆ ಹಾರಾಟ ಎಣಿಸಿದರೆ ಸಾಲದು, ಸೀಟು ಎಣಿಸಬೇಕು. ಎಟಿಆರ್ 72 ಅಂದರೆ 78 ಸೀಟು. ಸ್ಟಾರ್ ಏರ್‌ನ ಎಂಬ್ರೇಯರ್ 175 ಅಂದರೆ 76. ಎ320 ಅಂದರೆ 180ರ ಆಸುಪಾಸು. ಎ321 ಅಂದರೆ 220ರ ಮೇಲೆ.

ಲೆಕ್ಕಕ್ಕೆಂದು ಒಂದು ಕಾಲ್ಪನಿಕ ಮಾರ್ಗ ನೋಡೋಣ. ಒಂದು ಕಂಪನಿ ದಿನಕ್ಕೆ ಮೂರು ಎ320 ಹಾರಿಸುತ್ತದೆ, ಇನ್ನೊಂದು ಒಂದೇ ಒಂದು ಎಟಿಆರ್ ಹಾರಿಸುತ್ತದೆ. ಹಾರಾಟದ ಲೆಕ್ಕದಲ್ಲಿ ಪಾಲು 75 ಮತ್ತು 25, ಪರವಾಗಿಲ್ಲ ಎನಿಸುತ್ತದೆ. ಸೀಟಿನ ಲೆಕ್ಕದಲ್ಲಿ 540 ಮತ್ತು 78, ಅಂದರೆ 87 ಮತ್ತು 13. ಎಟಿಆರ್ ತುಂಬಿದ ಮರುಕ್ಷಣ ದೊಡ್ಡವರ ಎದುರು ಯಾರೂ ಇರುವುದಿಲ್ಲ.

ಈ ಪಾಲುಗಳನ್ನು ಒಂದೇ ಅಂಕಿಯಾಗಿ ಮಾಡಲು ಅರ್ಥಶಾಸ್ತ್ರಜ್ಞರು ಬಳಸುವ ಹರ್ಫಿಂಡಾಲ್–ಹರ್ಷ್‌ಮನ್ ಸೂಚ್ಯಂಕ ಹೆಸರಿನಷ್ಟು ಕಷ್ಟದ್ದಲ್ಲ. ಪ್ರತಿ ಮಾಲೀಕರ ಪಾಲನ್ನು ಅದರಿಂದಲೇ ಗುಣಿಸಿ, ಎಲ್ಲವನ್ನೂ ಕೂಡಿಸಿ. ಮೇಲಿನ ಮಾರ್ಗದಲ್ಲಿ 87×87 ಮತ್ತು 13×13, ಒಟ್ಟು 7,738. ಒಬ್ಬರೇ ಇದ್ದರೆ 10,000. ಸಮಬಲದ ನಾಲ್ವರಿದ್ದರೆ 2,500. ಅಮೆರಿಕದ 2023ರ ವಿಲೀನ ಮಾರ್ಗಸೂಚಿ 1,800 ದಾಟಿದ ಮಾರುಕಟ್ಟೆಯನ್ನು 'ತೀರಾ ಕೇಂದ್ರೀಕೃತ' ಎನ್ನುತ್ತದೆ. ಆ ಅಳತೆಗೋಲು ಹಿಡಿದರೆ ನಮ್ಮ ಬಹುಪಾಲು ಮಾರ್ಗಗಳು ಮೊದಲ ದಿನವೇ ನಪಾಸು, ಆದ್ದರಿಂದ ನಮ್ಮ ಬಳಕೆಗೆ ಬೇರೆ ಗೆರೆ ಬೇಕು: 4,000ದ ಒಳಗೆ ಇದ್ದರೆ ಪೈಪೋಟಿ ಇದೆ ಎನ್ನಿ, 4,000ದಿಂದ 6,500 ಇದ್ದರೆ ಇಬ್ಬರ ಆಟ, ಅದಕ್ಕೂ ಮೇಲಿದ್ದರೆ ಒಬ್ಬರ ರಾಜ್ಯ. ಇದು ಟಿಕೆಟ್ ಕೊಳ್ಳುವವರ ಅಂದಾಜು, ಕಾನೂನಿನ ಗೆರೆ ಅಲ್ಲ.

ವಿಲೀನದ ಸುದ್ದಿ ಬಂದಾಗ ನಿಮ್ಮ ಮಾರ್ಗದಲ್ಲಿ ಸೂಚ್ಯಂಕ ಎಷ್ಟು ಏರುತ್ತದೆ ಎಂದು ತಿಳಿಯಲು ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕಿಲ್ಲ. ಒಂದಾಗುವ ಇಬ್ಬರ ಪಾಲನ್ನು ಗುಣಿಸಿ ಎರಡರಷ್ಟು ಮಾಡಿ. 60, 20, 20 ಇರುವ ಮಾರ್ಗದಲ್ಲಿ ಸಣ್ಣವರಿಬ್ಬರು ಒಂದಾದರೆ 2×20×20, ಅಂದರೆ 800ರ ಏರಿಕೆ. ಇಬ್ಬರಲ್ಲಿ ಒಬ್ಬರು ಆ ಮಾರ್ಗದಲ್ಲಿ ಹಾರುತ್ತಲೇ ಇಲ್ಲವೆಂದರೆ ಏರಿಕೆ ಸೊನ್ನೆ. ಆ ಸುದ್ದಿ ನಿಮ್ಮ ಟಿಕೆಟ್‌ಗೆ ಸಂಬಂಧಿಸಿದ್ದಲ್ಲ. ಭಾರತೀಯ ಸ್ಪರ್ಧಾ ಆಯೋಗ ವಿಲೀನಗಳನ್ನು ಪರಿಶೀಲಿಸುವಾಗಲೂ ಹೊರಡುವ ಊರು–ತಲುಪುವ ಊರು ಎಂಬ ಜೋಡಿಗಳನ್ನೇ ಒಂದೊಂದು ಮಾರುಕಟ್ಟೆಯೆಂದು ಹಿಡಿಯುತ್ತದೆ. ಏರ್ ಇಂಡಿಯಾ–ವಿಸ್ತಾರ ವಿಲೀನಕ್ಕೆ 2023ರ ಸೆಪ್ಟೆಂಬರ್ 1ರಂದು ಒಪ್ಪಿಗೆ ಕೊಟ್ಟಾಗ, ಕಂಪನಿಗಳು ತಾವಾಗಿ ಒಪ್ಪಿಕೊಂಡ ಕೆಲವು ಬದ್ಧತೆಗಳಿಗೆ ಒಳಪಟ್ಟು ಕೊಟ್ಟಿತು. ಇಂಥ ಆದೇಶಗಳು ಆಯೋಗದ ಜಾಲತಾಣದಲ್ಲಿ ಸಿಗುತ್ತವೆ. ಉದ್ದ ನೋಡಿ ಹೆದರಬೇಡಿ. ಇಬ್ಬರೂ ಹಾರುವ ಮಾರ್ಗಗಳ ಭಾಗ ಹುಡುಕಿ, ನಿಮ್ಮ ಊರಿದೆಯೇ ನೋಡಿ, ಮುಚ್ಚಿ.

ಎಣಿಕೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎರಡು. ಕೋಡ್‌ಶೇರ್ (ಒಬ್ಬರ ವಿಮಾನದ ಸೀಟನ್ನು ಇನ್ನೊಬ್ಬರೂ ತಮ್ಮ ನಂಬರಿನಲ್ಲಿ ಮಾರುವುದು) ಇದ್ದರೆ ಒಂದೇ ವಿಮಾನ ಎರಡು ನಂಬರಿನಲ್ಲಿ ಎರಡು ಸಲ ಕಾಣುತ್ತದೆ; ಹೊರಡುವ ಹೊತ್ತು, ತಲುಪುವ ಹೊತ್ತು ಎರಡೂ ಒಂದೇ ಆಗಿದ್ದರೆ ಒಂದನ್ನು ಹೊಡೆದುಹಾಕಿ. ಇನ್ನೊಂದು, ವಾರಕ್ಕೆ ಮೂರೇ ದಿನ ಇರುವ ಹಾರಾಟವನ್ನು ದಿನಾ ಇರುವಂತೆ ಎಣಿಸುವುದು. ಸಣ್ಣ ಮಾರ್ಗವಾದರೆ ಇಡೀ ವಾರದ ಸೀಟು ಕೂಡಿಸಿ. ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ಬದಲಾಗುತ್ತದೆ. ಬದಲಾದ ಮೇಲೆ ಹಳೆಯ ಲೆಕ್ಕವನ್ನೇ ಬಳಸಬೇಡಿ.

ಜೋಡಿ ಮಾರ್ಗದ ಪರೀಕ್ಷೆ

ಸೂಚ್ಯಂಕ ಹೆಚ್ಚಿದ್ದ ಮಾತ್ರಕ್ಕೆ ನೀವು ಹೆಚ್ಚು ಕೊಡುತ್ತಿದ್ದೀರಿ ಎಂದಾಗುವುದಿಲ್ಲ. ಅದನ್ನು ತಿಳಿಯಲು ಒಂದೇ ದೂರದ, ಪೈಪೋಟಿ ಮಾತ್ರ ಬೇರೆಯಿರುವ ಇನ್ನೊಂದು ಮಾರ್ಗ ಬೇಕು. ನಮ್ಮ ಅದೃಷ್ಟಕ್ಕೆ ಅಂಥ ಜೋಡಿಗಳು ಇಲ್ಲೇ ಇವೆ. ಮುಂಬೈ–ಹುಬ್ಬಳ್ಳಿ ನೇರ ದೂರ ಸುಮಾರು 480 ಕಿ.ಮೀ.; ಗೋವಾ–ಬೆಂಗಳೂರು ಕೂಡ ಸುಮಾರು 480. ಮುಂಬೈ–ಮಂಗಳೂರು ಸುಮಾರು 710. ಪುಣೆ–ಬೆಂಗಳೂರು ಸುಮಾರು 720. ಬೆಂಗಳೂರಿನ ಮಾರ್ಗಗಳಲ್ಲಿ ಹಾರಾಟವೂ ಹೆಚ್ಚು, ಹಾರಿಸುವವರೂ ಹೆಚ್ಚು. ಹಾಗಾಗಿ ಅವು ನಮ್ಮ ತಕ್ಕಡಿಯ ಇನ್ನೊಂದು ತಟ್ಟೆ.

ಒಂದೇ ತಾರೀಖು, ಒಂದೇ ಹೊತ್ತು, ಒಬ್ಬರೇ ಪ್ರಯಾಣಿಕರು ಎಂದು ಹಾಕಿ ಎರಡೂ ಮಾರ್ಗಗಳ ಅತಿ ಕಡಿಮೆ ದರ ಹುಡುಕಿ. ಹೋಲಿಸಬೇಕಾದುದು ಬೇಸ್ ಫೇರ್ ಮತ್ತು ಇಂಧನ ಶುಲ್ಕ ಮಾತ್ರ. ಹಣ ಕಟ್ಟುವ ಮೊದಲಿನ ಪುಟದಲ್ಲಿ ದರವನ್ನು ಒಡೆದು ತೋರಿಸಿರುತ್ತಾರೆ: ಬೇಸ್ ಫೇರ್, ವಿಮಾನ ನಿಲ್ದಾಣದ ಬಳಕೆದಾರ ಅಭಿವೃದ್ಧಿ ಶುಲ್ಕ, ಭದ್ರತಾ ಶುಲ್ಕ 200 ರೂ., ಇಕಾನಮಿಗೆ ಶೇ. 5 ಜಿಎಸ್‌ಟಿ, ಕನ್ವೀನಿಯನ್ಸ್ ಫೀ. ಬಳಕೆದಾರ ಶುಲ್ಕ ನಿಲ್ದಾಣದಿಂದ ನಿಲ್ದಾಣಕ್ಕೆ ಬೇರೆ. ಅದನ್ನು ಕಂಪನಿಯ ಲಾಭವೆಂದು ಎಣಿಸಿದರೆ ಲೆಕ್ಕ ಕೆಡುತ್ತದೆ.

ಈಗ ಕಿಲೋಮೀಟರಿಗೆ ಎಷ್ಟೆಂದು ಭಾಗಿಸಿ. ಗೋವಾ–ಬೆಂಗಳೂರು 2,400, ಮುಂಬೈ–ಹುಬ್ಬಳ್ಳಿ 4,320 ಎಂದುಕೊಳ್ಳಿ (ಅಂಕಿ ಉದಾಹರಣೆಗೆ ಮಾತ್ರ). ಕಿ.ಮೀ.ಗೆ 5 ರೂ. ಮತ್ತು 9 ರೂ. ವ್ಯತ್ಯಾಸ ಪೂರ್ತಿ ಪೈಪೋಟಿಯ ಕೊರತೆಯಿಂದಲೇ ಬಂದದ್ದೇ? ಅಲ್ಲದಿರಬಹುದು. ಸಣ್ಣ ವಿಮಾನದಲ್ಲಿ ಪೈಲಟ್, ಇಳಿದಾಣ, ನೆಲದ ಕೆಲಸದ ಖರ್ಚು ಕಡಿಮೆ ಸೀಟಿನ ಮೇಲೆ ಹಂಚಿಹೋಗುತ್ತದೆ. ಬೇರ್ಪಡಿಸಲು ಅದೇ ಹುಡುಕಾಟವನ್ನು ಪ್ರಯಾಣಕ್ಕೆ 42 ದಿನ, 21 ದಿನ, 7 ದಿನ ಇರುವ ಮೂರು ಬುಧವಾರಗಳಿಗೆ ಮಾಡಿ. ವ್ಯತ್ಯಾಸ ಮೂರರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಅದು ಬಹುಮಟ್ಟಿಗೆ ಖರ್ಚಿನದು. 42 ದಿನಕ್ಕೆ ಸಣ್ಣದಿದ್ದು 7 ದಿನಕ್ಕೆ ಎರಡು ಪಟ್ಟಾದರೆ, ಕೊನೆಗೆ ಬರುವ ಗಿರಾಕಿಗೆ ಬೇರೆ ದಾರಿಯಿಲ್ಲ ಎಂಬುದು ಕಂಪನಿಗೆ ಗೊತ್ತಿದೆ ಎಂದರ್ಥ. ಈ ಎರಡನೆಯ ಬಗೆಯ ಮಾರ್ಗದಲ್ಲಿ ಬೇಗ ಕೊಂಡರೆ ಮಾತ್ರ ಉಳಿತಾಯ.

ಸಣ್ಣ ಊರುಗಳಿಗೆ ವಿಮಾನ ತರುವ ಸರ್ಕಾರದ ಉಡಾನ್ ಯೋಜನೆಯ ಮಾರ್ಗಗಳಿಗೆ ಈ ಪರೀಕ್ಷೆ ಒಗ್ಗುವುದಿಲ್ಲ. ಅಲ್ಲಿ ಗೆದ್ದ ಕಂಪನಿಗೆ ಮೂರು ವರ್ಷ ಒಬ್ಬರೇ ಹಾರುವ ಹಕ್ಕು ಸರ್ಕಾರವೇ ಕೊಟ್ಟಿರುತ್ತದೆ, ಬದಲಿಗೆ ಒಂದಷ್ಟು ಸೀಟುಗಳಿಗೆ ದರದ ಮಿತಿ ಇರುತ್ತದೆ. ಆ ಸೀಟುಗಳು ಮೊದಲು ಖಾಲಿಯಾಗುತ್ತವೆ. ಮಾರಾಟ ತೆರೆದ ವಾರದಲ್ಲೇ ನೋಡಿ.

ಇಳಿಯಲು ಜಾಗವಿಲ್ಲದ ಊರಿನಲ್ಲಿ ಹೊಸಬರು ಹೇಗೆ ಬಂದಾರು?

ದರ ಏರಿದರೆ ಹೊಸ ಕಂಪನಿ ಬರುತ್ತದೆ, ದರ ಇಳಿಯುತ್ತದೆ ಎಂಬ ಪಾಠ ಮುಂಬೈಯಲ್ಲಿ ಬಹುಕಾಲ ನಡೆಯಲಿಲ್ಲ. ಸಾಂತಾಕ್ರೂಜ್‌ನ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ಎರಡನ್ನೂ ಒಟ್ಟಿಗೆ ಬಳಸಲಾಗದು. ಏರುವ, ಇಳಿಯುವ ವಿಮಾನ ಸೇರಿ ಗಂಟೆಗೆ ನಲವತ್ತಾರರ ಆಸುಪಾಸು, ಅಷ್ಟೇ. ಬೆಳಗಿನ ಸ್ಲಾಟ್ (ಏರಲು, ಇಳಿಯಲು ಗೊತ್ತುಮಾಡಿಕೊಟ್ಟ ಹೊತ್ತು) ಇದ್ದವರು ಬಿಡುವುದಿಲ್ಲ, ಇಲ್ಲದವರಿಗೆ ಸಿಗುವುದಿಲ್ಲ. ಇಂಥ ಊರಲ್ಲಿ ಕಂಪನಿ ಕೊಳ್ಳುವುದೆಂದರೆ ವಿಮಾನಕ್ಕಿಂತ ಹೆಚ್ಚಾಗಿ ಸ್ಲಾಟ್ ಕೊಂಡಂತೆ. ಸ್ಲಾಟ್ ಕೊರತೆ ಇದ್ದಾಗ ಕಂಪನಿ ತನ್ನ ಸ್ಲಾಟನ್ನು ಹೆಚ್ಚು ಹಣ ಬರುವ ಮಾರ್ಗಕ್ಕೆ ಹಾಕುತ್ತದೆ. ದಿಲ್ಲಿಗೆ 186 ಸೀಟು ತುಂಬುವ ಹೊತ್ತಿನಲ್ಲಿ ಬೆಳಗಾವಿಗೆ 78 ಸೀಟು ಕಳಿಸುವವರು ಕಡಿಮೆ.

ಇದಕ್ಕಾಗಿಯೇ ನವಿ ಮುಂಬೈ ನಿಲ್ದಾಣ ಮುಖ್ಯ. 2025ರ ಡಿಸೆಂಬರ್ 25ರಿಂದ ಅಲ್ಲಿ ಪ್ರಯಾಣಿಕರ ಹಾರಾಟ ಶುರುವಾಯಿತು. ಹುಡುಕುವಾಗ ಮುಂಬೈ ಎಂದಷ್ಟೇ ಹಾಕಿ ಬಿಡಬೇಡಿ. ಬಿಒಎಂ (ಸಾಂತಾಕ್ರೂಜ್) ಒಂದು ಸಲ, ಎನ್‌ಎಂಐ (ನವಿ ಮುಂಬೈ) ಒಂದು ಸಲ, ಬೇರೆ ಬೇರೆಯಾಗಿ ಹುಡುಕಿ. ವಾಶಿ, ನೆರುಳ್, ಪನ್ವೇಲ್‌ನವರಿಗೆ ಲಾಭ ಎದ್ದು ಕಾಣುತ್ತದೆ. ಮೀರಾ ರೋಡ್, ಬೋರಿವಲಿಯವರು ಟ್ಯಾಕ್ಸಿಯನ್ನೂ ಬಳಕೆದಾರ ಶುಲ್ಕವನ್ನೂ ಸೇರಿಸಿ ನೋಡಬೇಕು. ಪುಣೆಯ ಪಶ್ಚಿಮ ಭಾಗದವರು, ಹಿಂಜವಡಿ, ವಾಕಡ್ ಕಡೆಯವರು, ಲೋಹಗಾಂವ್‌ನಲ್ಲಿ ದರ ಹೆಚ್ಚಿದ್ದ ದಿನ ಎಕ್ಸ್‌ಪ್ರೆಸ್‌ವೇ ಹಿಡಿದು ನವಿ ಮುಂಬೈಗೆ ಬರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಇಬ್ಬರಿಗಿಂತ ಹೆಚ್ಚಿದ್ದರೆ ಮಾತ್ರ. ಒಬ್ಬರಿಗೆ ಟ್ಯಾಕ್ಸಿಯೇ ಟಿಕೆಟ್ ತಿಂದುಬಿಡುತ್ತದೆ.

ಗೋವಾದಲ್ಲಿ ಈ ಪಾಠ ಮೊದಲೇ ಶುರುವಾಯಿತು. ಹೊಸ ನಿಲ್ದಾಣ ಮೋಪಾ 2023ರ ಜನವರಿ 5ರಂದು ತೆರೆಯಿತು. ದಾಬೋಳಿ ನೌಕಾಪಡೆಯ ನೆಲೆ, ಅಲ್ಲಿ ನಾಗರಿಕ ವಿಮಾನಗಳಿಗೆ ಹೊತ್ತುಗೊತ್ತಿನ ಮಿತಿ. ಎರಡರ ನಡುವೆ ರಸ್ತೆಯಲ್ಲಿ 60 ಕಿ.ಮೀ.ಗೂ ಹೆಚ್ಚು. ಜಿಒಐ ಅಂದರೆ ದಾಬೋಳಿ, ಜಿಒಎಕ್ಸ್ ಅಂದರೆ ಮೋಪಾ. ವಾಸ್ಕೋ, ಝುವಾರಿನಗರ, ಮಡಗಾಂವ್‌ನವರು ಮೋಪಾದ ಅಗ್ಗದ ಟಿಕೆಟ್‌ಗೆ ಟ್ಯಾಕ್ಸಿ ಬಾಡಿಗೆ ಕೂಡಿಸಿ ನೋಡಿದರೆ ಎಷ್ಟೋ ಸಲ ದಾಬೋಳಿಯೇ ಅಗ್ಗ. ಹೋಗುವುದು ಒಂದರಿಂದ, ಬರುವುದು ಇನ್ನೊಂದಕ್ಕೆ ಎಂದು ಬುಕ್ ಮಾಡಿ, ಗಾಡಿಯನ್ನು ಮೊದಲನೆಯದರಲ್ಲಿ ನಿಲ್ಲಿಸಿ ಹೋಗುವವರೂ ಇದ್ದಾರೆ! ಕೋಡ್ ಓದಿ.

ಕೊಳ್ಳುವುದು ಯಾವಾಗ

ಒಬ್ಬರ ರಾಜ್ಯದಲ್ಲಿ ಕಾಯಬೇಡಿ. ಚೌತಿ, ದೀಪಾವಳಿ, ಮೇ ತಿಂಗಳ ನೇಮ, ಬ್ರಹ್ಮಕಲಶ, ಮದುವೆ, ಯಾವುದೇ ಇರಲಿ, ತಾರೀಖು ಗೊತ್ತಾದ ದಿನವೇ ನೋಡಿ. ಪ್ರಯಾಣ ಖಚಿತವಿಲ್ಲದಿದ್ದರೆ ಲೆಕ್ಕ ಹೀಗೆ: ಈಗಿನ ದರ 5,000, ರದ್ದು ಮಾಡಿದರೆ ಕಳೆದುಕೊಳ್ಳುವುದು 4,000, ರದ್ದಾಗುವ ಸಾಧ್ಯತೆ ಐದರಲ್ಲಿ ಒಂದು ಎಂದುಕೊಳ್ಳಿ. ಐದು ಸಲದಲ್ಲಿ ನಾಲ್ಕು ಸಲ 5,000, ಒಂದು ಸಲ 4,000, ಸರಾಸರಿ 4,800. ಕಾದು ಕೊಂಡರೆ ಐದರಲ್ಲಿ ನಾಲ್ಕು ಸಲ ಮಾತ್ರ ಕೊಳ್ಳುತ್ತೀರಿ, ಹಾಗಾಗಿ ಆಗಿನ ದರ 6,000 ಆದರೆ ಎರಡೂ ಸಮ. 6,000 ದಾಟುತ್ತದೆ ಎನಿಸಿದರೆ ಈಗಲೇ ಕೊಳ್ಳುವುದು ಲಾಭ.

ಇಬ್ಬರ ಆಟ ಇರುವ ಮಾರ್ಗ ಹೆಚ್ಚು ಮೋಸದ್ದು. ಎರಡು ಲೋಗೋ ಇವೆ, ಪೈಪೋಟಿ ಇದೆ ಎಂದು ಕಾಣುತ್ತದೆ. ಆದರೆ ಇಬ್ಬರೂ ನೂರಾರು ಮಾರ್ಗಗಳಲ್ಲಿ ಮುಖಾಮುಖಿಯಾಗುವವರು. 'ಇಲ್ಲಿ ನೀನು ಇಳಿಸಿದರೆ ಅಲ್ಲಿ ನಾನು ಇಳಿಸುತ್ತೇನೆ' ಎಂಬ ಭಯಕ್ಕೆ ಬಾಯಿಬಿಟ್ಟು ಒಪ್ಪಂದ ಮಾಡಿಕೊಳ್ಳಬೇಕಿಲ್ಲ. ಒಬ್ಬರು 300 ರೂ. ಏರಿಸಿದರೆ ಇನ್ನೊಬ್ಬರ ಕಂಪ್ಯೂಟರ್ ನೋಡಿ ಅನುಸರಿಸುತ್ತದೆ. ದರ ಒಟ್ಟಿಗೆ ಏರಿದ ಮಾತ್ರಕ್ಕೆ ಅದು ಒಳಒಪ್ಪಂದದ ಕೂಟವೆಂದು ಸಾಬೀತಾಗುವುದಿಲ್ಲ. ಆದ್ದರಿಂದ ಇಲ್ಲಿ ನಂಬಬೇಕಾದ್ದು ಮೂರನೆಯವರನ್ನು, ಆ ಮೂರನೆಯವರು ನಮ್ಮ ಕಡೆ ಹೆಚ್ಚಾಗಿ ರೈಲು.

ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಿದೆ. ಆ ಅರವತ್ತನೇ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಂಗಳೂರು, ಉಡುಪಿ, ಕುಂದಾಪುರದವರು ಮತ್ಸ್ಯಗಂಧದಲ್ಲಿ, ಹುಬ್ಬಳ್ಳಿ, ಬೆಳಗಾವಿ ಕಡೆಯವರು ಪುಣೆ–ಹುಬ್ಬಳ್ಳಿ ವಂದೇ ಭಾರತ್‌ನಲ್ಲೋ ರಾತ್ರಿ ಗಾಡಿಯಲ್ಲೋ ಸೀಟು ಹಿಡಿಯಿರಿ. ಎಷ್ಟೋ ದಿನ ಮೊದಲೇ ರದ್ದು ಮಾಡಿದರೆ ಥರ್ಡ್ ಎಸಿಗೆ ತಲೆಗೆ 180 ರೂ. ಮತ್ತು ಜಿಎಸ್‌ಟಿ ಹೋಗುತ್ತದೆ. ಆ ಹಣಕ್ಕೆ ನಿಮಗೆ ಸಿಗುವುದು ಕಾಯುವ ಧೈರ್ಯ: ವಿಮಾನದ ದರ ಇಳಿದರೆ ಹಾರಿ, ಇಳಿಯದಿದ್ದರೆ ಮಲಗಿ ಹೋಗಿ. ವಿಮಾನ ಖಚಿತವಾದ ದಿನವೇ ರೈಲು ರದ್ದು ಮಾಡಿ. ವೇಟಿಂಗ್ ಲಿಸ್ಟಿನಲ್ಲಿ ನಮ್ಮವರೇ ಇರುತ್ತಾರೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿ ಬೇರೆ, ಗಾಡಿ ನಿಧಾನ. ಆಷಾಢದಲ್ಲಿ ಈ ಪೈಪೋಟಿಯ ಬಲ ಸ್ವಲ್ಪ ಕುಗ್ಗುತ್ತದೆ.

ಮೂವರಿಗಿಂತ ಹೆಚ್ಚು ಮಾಲೀಕರಿರುವ ಬೆಂಗಳೂರಿನ ಮಾರ್ಗಗಳಲ್ಲಿ, ಹಬ್ಬವಲ್ಲದ ವಾರದಲ್ಲಿ, ಮೂರು ವಾರ ಮೊದಲು ಕೊಂಡರೆ ಸಾಕು. ಕೊನೆಯ ದಿನ ಅಗ್ಗವಾಗುತ್ತದೆ ಎಂದು ಮಾತ್ರ ಎಲ್ಲಿಯೂ ಕೂರಬೇಡಿ.

ಮನೆಮಂದಿಗೆಲ್ಲ ಕೊಳ್ಳುವಾಗ ಮೊದಲು ಒಬ್ಬರಿಗೆಂದು ಹುಡುಕಿ, ಆಮೇಲೆ ನಾಲ್ವರಿಗೆ. ಕಂಪನಿ ಸೀಟುಗಳನ್ನು ದರದ ಗುಂಪುಗಳಾಗಿ ಇಟ್ಟಿರುತ್ತದೆ. 3,200ರ ಗುಂಪಿನಲ್ಲಿ ಎರಡೇ ಸೀಟು ಉಳಿದು, ಮುಂದಿನ ಗುಂಪು 4,100 ಇದ್ದರೆ, ನಾಲ್ವರನ್ನು ಒಟ್ಟಿಗೆ ಕೇಳಿದಾಗ ನಾಲ್ವರಿಗೂ 4,100 ತೋರಿಸುತ್ತದೆ: 16,400. ಎರಡೆರಡಾಗಿ ಕೊಂಡರೆ 14,600. ಮಕ್ಕಳಿದ್ದರೆ ಪ್ರತಿ ಪಿಎನ್ಆರ್‌ನಲ್ಲಿ ಒಬ್ಬ ದೊಡ್ಡವರು ಇರಲಿ. ಹಾರಾಟ ರದ್ದಾದರೆ ಎರಡು ಪಿಎನ್ಆರ್‌ಗಳನ್ನು ಬೇರೆ ಬೇರೆ ವಿಮಾನಕ್ಕೆ ಹಾಕಿಬಿಡುವ ಅಪಾಯ ಇದ್ದೇ ಇದೆ. ದೇಶದೊಳಗೆ ಹೋಗಿಬರುವ ಟಿಕೆಟ್ ಸಾಮಾನ್ಯವಾಗಿ ಎರಡು ಒಮ್ಮುಖ ಟಿಕೆಟ್‌ಗಳ ಮೊತ್ತವೇ, ಆದ್ದರಿಂದ ಹೋಗುವುದು ಒಂದು ಕಂಪನಿ, ಬರುವುದು ಇನ್ನೊಂದು ಎಂದು ಬೆರೆಸಲು ಅಳುಕಬೇಡಿ. ಚೌತಿಯ ಮುಂಚೆ ಊರಿಗೆ ಹೋಗುವ ವಿಮಾನ ತುಂಬಿ, ಮುಂಬೈಗೆ ಬರುವುದು ಖಾಲಿ ಇರುತ್ತದೆ. ಹಬ್ಬ ಮುಗಿದ ಮೇಲೆ ತಿರುವುಮುರುವು. ಬ್ಯಾಗನ್ನೂ ಲೆಕ್ಕಕ್ಕೆ ತನ್ನಿ. ಸಾಮಾನ್ಯ ದರದಲ್ಲಿ 15 ಕಿಲೋ ಚೆಕ್‌ಇನ್ ಸೇರಿರುತ್ತದೆ, 'ಲೈಟ್' ಎಂಬ ಅಗ್ಗದ ದರದಲ್ಲಿ ಇರುವುದಿಲ್ಲ. ಊರಿಂದ ಕುಚ್ಚಲಕ್ಕಿ, ತೆಂಗಿನಕಾಯಿ ತರುವವರಿಗೆ ಆ 'ಲೈಟ್' ಬಲು ಭಾರ.

ವಿಲೀನ ಬೇರೆ, ಮುಳುಗುವುದು ಬೇರೆ

2007ರಲ್ಲಿ ಒಂದೇ ವರ್ಷ ಜೆಟ್ ಏರ್‌ವೇಸ್ ಸಹಾರಾವನ್ನು ಕೊಂಡಿತು, ಕಿಂಗ್‌ಫಿಶರ್ ಕ್ಯಾಪ್ಟನ್ ಗೋಪಿನಾಥರ ಡೆಕ್ಕನ್ನನ್ನು ಹಿಡಿಯಿತು, ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಕಿಂಗ್‌ಫಿಶರ್ 2012ರಲ್ಲಿ ನೆಲ ಹಿಡಿಯಿತು, ಜೆಟ್ 2019ರ ಏಪ್ರಿಲ್ 17ರಂದು. ಗೋ ಫಸ್ಟ್ 2023ರ ಮೇ 3ರಂದು ನಿಂತಿತು. ವಿಲೀನವಾದಾಗ ವಿಮಾನಗಳು ಉಳಿಯುತ್ತವೆ, ದರ ಮೆಲ್ಲಗೆ ಬದಲಾಗುತ್ತದೆ. ಕಂಪನಿ ಮುಳುಗಿದಾಗ ಸೀಟುಗಳು ರಾತ್ರೋರಾತ್ರಿ ಮಾಯವಾಗಿ ದರ ಮರುದಿನವೇ ಜಿಗಿಯುತ್ತದೆ. ವಿಲೀನ ತಡೆದರೆ ಪೈಪೋಟಿ ಉಳಿದೇ ಉಳಿಯುತ್ತದೆ ಎನ್ನುವಂತೆಯೂ ಇಲ್ಲ. ಅಮೆರಿಕದಲ್ಲಿ ಜೆಟ್‌ಬ್ಲೂ–ಸ್ಪಿರಿಟ್ ವಿಲೀನವನ್ನು 2024ರ ಜನವರಿಯಲ್ಲಿ ಕೋರ್ಟು ತಡೆಯಿತು. ಅದೇ ನವೆಂಬರಿನಲ್ಲಿ ಸ್ಪಿರಿಟ್ ದಿವಾಳಿ ಅರ್ಜಿ ಹಾಕಿತು.

ದುರ್ಬಲ ಕಂಪನಿಯ ಗುರುತುಗಳು ಬಹಿರಂಗವಾಗಿಯೇ ಇರುತ್ತವೆ: ಸಂಬಳ ತಡ, ವಿಮಾನ ಬಾಡಿಗೆ ಕೊಟ್ಟವರ ಮೊಕದ್ದಮೆ, ಡಿಜಿಸಿಎ ಪಟ್ಟಿಯಲ್ಲಿ ತಿಂಗಳಿಂದ ತಿಂಗಳಿಗೆ ಕರಗುವ ಪಾಲು. ಅಂಥ ಕಂಪನಿಯಲ್ಲಿ ತಿಂಗಳಿಗಿಂತ ಮುಂದಿನ ಟಿಕೆಟ್ ಬೇಡ, ಕೊಂಡರೂ ಕ್ರೆಡಿಟ್ ಕಾರ್ಡಿನಲ್ಲೇ ಕೊಳ್ಳಿ. ಹಾರಾಟ ನಿಂತ ದಿನವೇ ಬ್ಯಾಂಕಿಗೆ 'ಸೇವೆ ಸಿಗಲಿಲ್ಲ' ಎಂದು ಚಾರ್ಜ್‌ಬ್ಯಾಕ್ (ಕಾರ್ಡಿನಲ್ಲಿ ಕಟ್ಟಿದ ಹಣ ವಾಪಸ್) ಕೇಳಿ, ಅದಕ್ಕೆ ಗಡುವಿದೆ. ಯುಪಿಐಯಲ್ಲಿ ಕಟ್ಟಿದವರಿಗೆ ಈ ದಾರಿ ಅಷ್ಟು ಸುಲಭವಲ್ಲ. ಹಣ ಬಾರದಿದ್ದರೆ ದಿವಾಳಿ ಪ್ರಕ್ರಿಯೆಯ ಅಧಿಕಾರಿಗೆ ಕ್ಲೇಮ್ ಅರ್ಜಿ ಹಾಕಿ ಸಾಲ ಕೊಟ್ಟ ಬ್ಯಾಂಕುಗಳ ಹಿಂದೆ ಸಾಲಿನಲ್ಲಿ ನಿಲ್ಲಬೇಕು.

ಬಲಶಾಲಿ ಕಂಪನಿಯಲ್ಲಿ ಬೇರೆ ಬಗೆಯ ಅಪಾಯ. 2025ರ ಡಿಸೆಂಬರಿನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸಜ್ಜಾಗದೆ ಇಂಡಿಗೋದ ಸಾವಿರಾರು ಹಾರಾಟ ರದ್ದಾದಾಗ, ಮೂರರಲ್ಲಿ ಎರಡು ಪಾಲು ಸೀಟು ಒಬ್ಬರ ಕೈಯಲ್ಲಿರುವುದರ ಅರ್ಥ ಎಲ್ಲರಿಗೂ ಆಯಿತು. ಉಳಿದವರ ದರ ಏರಿ, ಡಿಸೆಂಬರ್ 6ರಂದು ಸರ್ಕಾರ ಮಿತಿ ಹಾಕಿತು: 500 ಕಿ.ಮೀ.ವರೆಗೆ 7,500 ರೂ., 1,000 ಕಿ.ಮೀ.ವರೆಗೆ 12,000, 1,500ವರೆಗೆ 15,000, ಅದಕ್ಕೂ ಹೆಚ್ಚಿಗೆ 18,000. ತೆರಿಗೆ, ಶುಲ್ಕ ಬೇರೆ. ಮದುವೆ, ಪರೀಕ್ಷೆ, ವೀಸಾ ಸಂದರ್ಶನದಂಥ ತಪ್ಪಿಸಲಾಗದ ಕೆಲಸಕ್ಕೆ ಹೋಗುವಾಗ ಒಂದು ದಿನ ಮೊದಲು ಹೊರಡಿ, ಅಥವಾ ಮನೆಯವರು ಎರಡು ಬೇರೆ ಕಂಪನಿಗಳಲ್ಲಿ ಹೋಗಿ.

ಕೊಂಡ ಮೇಲೆ

ಪ್ರಯಾಣಕ್ಕೆ 7 ದಿನಕ್ಕಿಂತ ಹೆಚ್ಚಿದ್ದಾಗ ಕಂಪನಿಯ ಸ್ವಂತ ಜಾಲತಾಣದಲ್ಲಿ ಬುಕ್ ಮಾಡಿದ್ದರೆ ಮೊದಲ 48 ಗಂಟೆಯೊಳಗೆ ರದ್ದತಿ ಶುಲ್ಕವಿಲ್ಲದೆ ಹಿಂತೆಗೆಯಬಹುದು. ಆ ಎರಡು ದಿನದಲ್ಲಿ ಇನ್ನೊಂದು ಸಲ ದರ ನೋಡಿ. ರದ್ದತಿ ಶುಲ್ಕ ಬೇಸ್ ಫೇರ್ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ಮರುಪಾವತಿ ಇಲ್ಲದ ಟಿಕೆಟ್ ಆದರೂ, ಹೋಗದೇ ಇದ್ದರೂ, ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಶುಲ್ಕ ವಾಪಸ್ ಬರಬೇಕು. ಕೇಳದವರಿಗೆ ಅದು ಬರುವುದು ಅಪರೂಪ.

ಎರಡು ವಾರ ಮೊದಲು ತಿಳಿಸದೆ ಕಂಪನಿಯೇ ತನ್ನ ಕಾರಣಕ್ಕೆ ರದ್ದು ಮಾಡಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ಪಡೆಯುವ ಹಕ್ಕಿದೆ. ಹಾರಾಟದ ಮುನ್ನಾದಿನದೊಳಗೆ ತಿಳಿಸಿ ಒಪ್ಪುವ ಬದಲಿ ಕೊಡದಿದ್ದರೆ ಪರಿಹಾರವೂ ಉಂಟು: ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000, ಎರಡು ಗಂಟೆಯೊಳಗಿನದಕ್ಕೆ 7,500, ಅದಕ್ಕೂ ಹೆಚ್ಚಿನದಕ್ಕೆ 10,000 ರೂ.; ಅಥವಾ ಬೇಸ್ ಫೇರ್ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಮಂಜು, ಮಳೆ, ವಾಯು ಸಂಚಾರ ನಿಯಂತ್ರಣದ ತಡೆ ಇತ್ಯಾದಿ ಕೈಮೀರಿದ ಕಾರಣಗಳಿಗೆ ಪರಿಹಾರವಿಲ್ಲ. ಆರು ಗಂಟೆಗಿಂತ ಹೆಚ್ಚು ತಡವಾದರೆ ಬದಲಿ ವಿಮಾನ ಅಥವಾ ಹಣ, ಆಯ್ಕೆ ನಿಮ್ಮದು. ಕೌಂಟರಿನಲ್ಲಿ ಮೊದಲು 'ಕ್ರೆಡಿಟ್ ಶೆಲ್' (ಹಣವನ್ನು ಕಂಪನಿಯಲ್ಲೇ ಮುಂದಿನ ಟಿಕೆಟ್‌ಗೆ ಜಮೆ ಇಡುವುದು) ಮುಂದಿಡುತ್ತಾರೆ; ಬೇಡವೆನ್ನಬಹುದು.

ದೂರನ್ನು ಮೊದಲು ಕಂಪನಿಯ ನೋಡಲ್ ಅಧಿಕಾರಿಗೆ ಇಮೇಲ್ ಮಾಡಿ, ಆಮೇಲೆ ಏರ್‌ಸೇವಾ ಆ್ಯಪ್‌ನಲ್ಲಿ ಹಾಕಿ, ಪಿಎನ್ಆರ್ ಮತ್ತು ರದ್ದಾದ ಸಂದೇಶದ ಸ್ಕ್ರೀನ್‌ಶಾಟ್ ಸಮೇತ. ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಟಿಕೆಟ್ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು. ಬಜ್ಪೆಯಲ್ಲಿ ರದ್ದಾದ ವಿಮಾನಕ್ಕೆ ಠಾಣೆಯಲ್ಲೋ ಪುಣೆಯಲ್ಲೋ ದೂರು ನಡೆಯುತ್ತದೆ.